ಎಸಿ ಲೈನ್‌ನಲ್ಲಿ ಆಂಪ್ಸ್ ಅಳೆಯಲು ಯಾವ ಸೆನ್ಸರ್ ಕೊಳ್ಳಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಚಿತ್ರದುರ್ಗ ಭಾಗದ ಬೋರ್‌ವೆಲ್ ಮೋಟಾರು, ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿಯ ಬ್ಲೋವರ್, ಚಳ್ಳಕೆರೆಯ ಎಣ್ಣೆ ಮಿಲ್ಲು, ಮನೆ ವೈರಿಂಗು ಇವನ್ನೆಲ್ಲ ಮುಂದಿಟ್ಟುಕೊಂಡು ಬರೆದ ಉತ್ತರಗಳಿವು. ಇಲ್ಲಿನ ಲೆಕ್ಕವೆಲ್ಲ 230 ಮತ್ತು 415 ವೋಲ್ಟ್, 50 ಹರ್ಟ್ಸ್ ಲೈನಿಗೆ ಮಾತ್ರ. ಟ್ರಾನ್ಸ್‌ಫಾರ್ಮರ್‌ನ ಆಚೆಗಿರುವ 11 ಕೆವಿ ಲೈನಿಗೆ ಇದರಲ್ಲಿ ಒಂದಕ್ಷರವೂ ಅನ್ವಯಿಸುವುದಿಲ್ಲ.

ಅಂಗಡಿಗೆ ಹೋಗುವ ಮೊದಲು ಏನೇನು ತಿಳಿದಿರಬೇಕು?

ಮೊದಲು, ಆಂಪ್ಸ್ ಗೊತ್ತಾದ ಮೇಲೆ ಅದನ್ನಿಟ್ಟುಕೊಂಡು ಏನು ಮಾಡುತ್ತೀರಿ ಎನ್ನುವುದು. ಮೋಟಾರು ಓಡುತ್ತಿದೆಯೋ ಇಲ್ಲವೋ ಎಂದು ಮೊಬೈಲಿಗೆ ಮೆಸೇಜ್ ಬಂದರೆ ಸಾಕು ಎನ್ನುವವರಿಗೆ ಶೇ. 10ರಷ್ಟು ತಪ್ಪು ತೋರಿಸುವ ಸೆನ್ಸರ್ ಆದರೂ ನಡೆಯುತ್ತದೆ. ಡ್ರೈ ರನ್‌ನಿಂದ (ನೀರಿಲ್ಲದೆ ಓಡುವುದರಿಂದ) ಮೋಟಾರು ಉಳಿಸಬೇಕಾದರೆ ನಿಖರತೆಗಿಂತ ಮುಖ್ಯವಾದದ್ದು, ಇವತ್ತು ತೋರಿಸಿದ್ದನ್ನೇ ನಾಳೆಯೂ ತೋರಿಸುವುದು. ಮಿಲ್ಲಿನಲ್ಲಿ ಯಾವ ಮಷೀನು ಎಷ್ಟು ಯೂನಿಟ್ ತಿನ್ನುತ್ತದೆ ಎಂಬ ಲೆಕ್ಕ ಬೇಕಿದ್ದರೆ ಮಾತ್ರ ಕ್ಲಾಸ್ 0.5 (ಪೂರ್ತಿ ಲೋಡ್‌ನಲ್ಲಿ ಶೇ. 0.5ಕ್ಕಿಂತ ಹೆಚ್ಚು ತಪ್ಪದ ದರ್ಜೆ), ಫೇಸ್ ಎರರ್ (ಅಳೆದ ಅಲೆ ನಿಜವಾದ ಅಲೆಗಿಂತ ಹಿಂದೆಮುಂದೆ ಸರಿಯುವುದು) ಮುಂತಾದ ಮಾತು ಬರುತ್ತವೆ. 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗೆ ನಮ್ಮಲ್ಲಿ ವಿದ್ಯುತ್ ಉಚಿತ. ಹಾಗಾಗಿ ರೈತನಿಗೆ ಯೂನಿಟ್ ಲೆಕ್ಕಕ್ಕಿಂತ ವೈಂಡಿಂಗ್ ಸುಡದಿರುವುದೇ ದೊಡ್ಡದು. ಅವನಿಗೆ ದುಬಾರಿ ಕ್ಲಾಸ್ 0.5 ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್: ವೈರಿನ ಸುತ್ತ ಕೂತು ಅದರ ಆಂಪ್ಸ್‌ಗೆ ತಕ್ಕಂತೆ ಸಣ್ಣ ಕರೆಂಟ್ ಕೊಡುವ ಸಾಧನ) ಮಾರುವುದು ವ್ಯಾಪಾರ ಅಷ್ಟೇ.

ಇದಾದ ಮೇಲೆ ನಾಲ್ಕು ವಿಷಯ ಚೀಟಿಯಲ್ಲಿ ಬರೆದುಕೊಳ್ಳಿ: ನೇಮ್‌ಪ್ಲೇಟ್ ಮೇಲಿನ ಫುಲ್ ಲೋಡ್ ಆಂಪ್ಸ್, ಇನ್ಸುಲೇಶನ್ ಸೇರಿ ವೈರಿನ ದಪ್ಪ, ಪ್ಯಾನೆಲ್‌ಗೆ ನ್ಯೂಟ್ರಲ್ ಬಂದಿದೆಯೋ ಇಲ್ಲವೋ, ನಡುವೆ ಎಲ್ಲಾದರೂ ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಡ್ರೈವ್) ಅಥವಾ ಸೋಲಾರ್ ಡ್ರೈವ್ ಇದೆಯೋ.

ಸಿಟಿ, ಹಾಲ್ ಸೆನ್ಸರ್, ಶಂಟ್, ರೊಗೋವ್ಸ್ಕಿ ಕಾಯಿಲ್: ಯಾವುದು ಯಾವಾಗ?

ಮಾಮೂಲಿ 50 ಹರ್ಟ್ಸ್ ಲೈನಿಗೆ ಸಿಟಿಯೇ ಸರಿ. ಲೈನಿಗೂ ನಿಮ್ಮ ಬೋರ್ಡಿಗೂ ವಿದ್ಯುತ್ ಸಂಪರ್ಕವೇ ಇರುವುದಿಲ್ಲ, ತನಗೇ ಪ್ರತ್ಯೇಕ ಸಪ್ಲೈ ಬೇಡ, ತಗಡಿನ ಶೆಡ್ಡಿನ ಏಪ್ರಿಲ್ ಬಿಸಿಲಿಗೂ ರೀಡಿಂಗ್ ಹೆಚ್ಚೇನೂ ಸರಿಯುವುದಿಲ್ಲ. ಡಿಸಿ ಮಾತ್ರ ಅದಕ್ಕೆ ಕಾಣುವುದಿಲ್ಲ.

ಎಸಿಎಸ್712ರಂಥ ಹಾಲ್ ಚಿಪ್‌ಗೆ (ಕರೆಂಟಿನ ಕಾಂತಕ್ಷೇತ್ರ ಅಳೆಯುವ ಚಿಪ್) ಎಸಿ, ಡಿಸಿ ಎರಡೂ ಕಾಣುತ್ತವೆ. 5 ಆಂಪಿಯರ್ ಮಾದರಿ ಪ್ರತಿ ಆಂಪಿಯರ್‌ಗೆ 185 ಮಿಲಿವೋಲ್ಟ್ ಕೊಡುತ್ತದೆ, 20ರದ್ದು 100, 30ರದ್ದು 66. ಆದರೆ ಲೈನಿನ ವೈರನ್ನು ಕತ್ತರಿಸಿ ಆ ಪುಟ್ಟ ಬೋರ್ಡಿನ ಸ್ಕ್ರೂ ಟರ್ಮಿನಲ್‌ಗೆ ಕೊಡಬೇಕು. ಮೇಜಿನ ಮೇಲೆ ಬಲ್ಬು ಉರಿಸಿ ಕಲಿಯುವುದಕ್ಕೆ ಅಡ್ಡಿಯಿಲ್ಲ. ಮೋಟಾರಿಗೆ ಹಾಕಬೇಡಿ: 5 ಎಚ್‌ಪಿ ಮೋಟಾರು ಶುರುವಾಗುವಾಗ 40 ಆಂಪಿಯರ್ ದಾಟುತ್ತದೆ, ಅದೆಲ್ಲ ಆ ಸ್ಕ್ರೂ ಮೂಲಕವೇ ಹೋಗಬೇಕು. ಸ್ಕ್ರೂ ಸಡಿಲವಾದರೆ ಕಾದು ಪ್ಲಾಸ್ಟಿಕ್ ಕರಗುತ್ತದೆ. ಚಿಪ್ಪಿನ ಒಳಗಿನ ಐಸೊಲೇಶನ್ ಎಷ್ಟೇ ಚೆನ್ನಾಗಿದ್ದರೂ ಅಗ್ಗದ ಬೋರ್ಡುಗಳಲ್ಲಿ ಲೈನಿನ ತಾಮ್ರಕ್ಕೂ ಕಡಿಮೆ ವೋಲ್ಟೇಜಿನ ತಾಮ್ರಕ್ಕೂ ನಡುವೆ ಬಿಟ್ಟ ಜಾಗ ಕೆಲವೇ ಮಿಲಿಮೀಟರ್. ಅದರ ಮೇಲೆ ತೌಡಿನ ಧೂಳು, ತೇವ, ಇರುವೆ ಕೂತರೆ ಮುಂದಿನದು ಹೇಳಬೇಕಾಗಿಲ್ಲ.

ಶಂಟ್ ಎಂದರೆ ಲೈನಿನಲ್ಲೇ ಕೂರುವ ತೀರಾ ಸಣ್ಣ ರೆಸಿಸ್ಟರ್. ಮನೆಯ ಸಿಂಗಲ್ ಫೇಸ್ ಮೀಟರ್‌ಗಳ ಒಳಗೆ ಸಾಮಾನ್ಯವಾಗಿ ಇರುವುದು ಅದೇ. ಆದರೆ ಅದಕ್ಕೆ ಜೋಡಿಸಿದ ಇಡೀ ಸರ್ಕ್ಯೂಟ್ ಲೈವ್ ಆಗಿರುತ್ತದೆ. ಸ್ವಂತಕ್ಕೆ ಮಾಡಿಕೊಳ್ಳುವವರು ಅದರ ತಂಟೆಗೆ ಹೋಗದಿರುವುದು ಒಳ್ಳೆಯದು. ರೊಗೋವ್ಸ್ಕಿ ಕಾಯಿಲ್ ನೂರಾರು ಆಂಪಿಯರ್‌ನ ದಪ್ಪ ಕೇಬಲ್, ಬಸ್‌ಬಾರ್‌ಗೆ. ಕಬ್ಬಿಣದ ಕೋರ್ ಇಲ್ಲವಾದ್ದರಿಂದ ಸ್ಯಾಚುರೇಟ್ ಆಗುವ (ಕೋರಿನ ಕಾಂತತ್ವ ತುಂಬಿ ರೀಡಿಂಗ್ ತಪ್ಪುವ) ಮಾತೇ ಇಲ್ಲ. ಆದರೆ ಔಟ್‌ಪುಟ್ ತೀರಾ ಸಣ್ಣದು, ಅದನ್ನು ಆಂಪ್ಸ್‌ಗೆ ತಕ್ಕ ಸಿಗ್ನಲ್ ಮಾಡುವ ಇಂಟಿಗ್ರೇಟರ್ ಸರ್ಕ್ಯೂಟ್ ಬೇಕೇ ಬೇಕು. 10 ಆಂಪಿಯರ್ ಅಳೆಯಲು ಅದನ್ನು ತರಬೇಡಿ.

ಎಷ್ಟು ಆಂಪ್ಸ್‌ನ ಸಿಟಿ ತರಬೇಕು? ದೊಡ್ಡದೇ ಇರಲಿ ಎಂದು 100 ಆಂಪ್ಸ್‌ನದು ತಂದರೆ?

ಕೇಳಿಬರುವ ಎಡವಟ್ಟುಗಳಲ್ಲಿ ಇದೇ ಹೆಚ್ಚು. ಸಿಟಿಯ ನಿಖರತೆ ಕೆಳಗಿಳಿದಷ್ಟೂ ಕೆಡುತ್ತದೆ. ಕ್ಲಾಸ್ 1 ಸಿಟಿಗೆ ಪೂರ್ತಿ ಲೋಡ್‌ನಲ್ಲಿ ಶೇ. 1 ತಪ್ಪಿಗೆ ಅವಕಾಶ, ಶೇ. 20ರ ಲೋಡ್‌ನಲ್ಲಿ ಶೇ. 1.5, ಶೇ. 5ರ ಲೋಡ್‌ನಲ್ಲಿ ಶೇ. 3. ಅಂದರೆ 100 ಆಂಪ್ಸ್ ಸಿಟಿಯಲ್ಲಿ 5 ಆಂಪ್ಸ್ ಅಳೆಯುವವರು ಅದರ ಕಟ್ಟಕಡೆಯ ಮೂಲೆಯಲ್ಲಿದ್ದಾರೆ.

415 ವೋಲ್ಟ್ ತ್ರೀ ಫೇಸ್ ಮೋಟಾರಿಗೆ ಅಂದಾಜು ಎಚ್‌ಪಿಗೆ ಒಂದೂವರೆ ಆಂಪಿಯರ್ ಹಿಡಿಯಿರಿ. 5 ಎಚ್‌ಪಿಗೆ 7.5, 25 ಎಚ್‌ಪಿಗೆ 35ರ ಹತ್ತಿರ (ದೊಡ್ಡ ಮೋಟಾರುಗಳಲ್ಲಿ ಎಫಿಶಿಯನ್ಸಿ ಚೆನ್ನಾಗಿರುವುದರಿಂದ ಸ್ವಲ್ಪ ಕಡಿಮೆ). ಅದರ ಒಂದೂಕಾಲರಿಂದ ಒಂದೂವರೆ ಪಟ್ಟು ನೋಡಿ ಸಿಟಿ ಆರಿಸಿ. 25 ಎಚ್‌ಪಿಗೆ 50/5 (ಲೈನಿನ 50 ಆಂಪ್ಸ್‌ಗೆ 5 ಆಂಪ್ಸ್ ಕೊಡುವ ಸಿಟಿ) ಸರಿಹೊಂದುತ್ತದೆ. ಶುರುವಿನಲ್ಲಿ ಆರೇಳು ಪಟ್ಟು ಏರುತ್ತದಲ್ಲ ಎಂದು ಹೆದರಬೇಡಿ. ಆ ಕೆಲವು ಸೆಕೆಂಡ್ ಮೀಟರಿಂಗ್ ಸಿಟಿ ಸ್ಯಾಚುರೇಟ್ ಆಗಿ ತಪ್ಪು ತೋರಿಸುತ್ತದೆ, ಅದರಿಂದ ಹಾನಿಯಿಲ್ಲ. ಶುರುವಿನ ಆಂಪ್ಸೇ ಬೇಕೆಂದಿದ್ದರೆ ಪ್ರೊಟೆಕ್ಷನ್ ಕ್ಲಾಸ್ ಕೇಳಿ: 5ಪಿ10 ಎಂದರೆ ಹತ್ತು ಪಟ್ಟು ಆಂಪ್ಸ್‌ವರೆಗೂ ತಪ್ಪು ಶೇ. 5 ದಾಟದು.

ಈಗಾಗಲೇ 100 ಆಂಪ್ಸ್‌ನದು ತಂದಾಗಿದ್ದರೆ ದಾರಿಯಿದೆ. ವೈರನ್ನು ಕೋರ್ ಒಳಗಿಂದ ನಾಲ್ಕು ಸಲ ಸುತ್ತಿಸಿ, ಬಂದ ರೀಡಿಂಗನ್ನು ನಾಲ್ಕರಿಂದ ಭಾಗಿಸಿ. ಅದು 25 ಆಂಪ್ಸ್ ಸಿಟಿಯಾಯಿತು. ತೂತಿನ ಒಳಗಿಂದ ವೈರ್ ಎಷ್ಟು ಸಲ ಹಾದಿದೆ ಎಂದು ಎಣಿಸಬೇಕು, ಹೊರಗೆ ಕಾಣುವ ಸುತ್ತನ್ನಲ್ಲ. ಸುಮ್ಮನೆ ಒಂದು ಸಲ ಹಾದರೂ ಅದು ಒಂದು ಸುತ್ತು.

ಬಿಚ್ಚಿ ಹಾಕುವ ಸ್ಪ್ಲಿಟ್ ಕೋರ್ ಒಳ್ಳೆಯದೋ, ಬಳೆಯಂಥ ರಿಂಗ್ ಕೋರೋ?

ವೈರ್ ಬಿಚ್ಚಲು ಆಗುವುದಾದರೆ ರಿಂಗ್ ಕೋರ್. ಓಡುವ ಮಿಲ್ಲಿನಲ್ಲಿ ಲಗ್ ಕಳಚಲು ಬಿಡುವುದಿಲ್ಲ ಎಂದಾದರೆ ಸ್ಪ್ಲಿಟ್. ಸ್ಪ್ಲಿಟ್ ಕೋರಿನ ಜೀವವಿರುವುದು ಎರಡು ಫೆರೈಟ್ ಮುಖಗಳು ಕೂಡುವ ಜಾಗದಲ್ಲಿ. ಅಲ್ಲಿ ಕೂದಲೆಳೆಯಷ್ಟು ಸಂದು ಬಿದ್ದರೂ ರೀಡಿಂಗ್ ಇಳಿಯುತ್ತದೆ, ಫೇಸ್ ಎರರ್ ಏರುತ್ತದೆ. ಅಕ್ಕಿ ಗಿರಣಿಯಲ್ಲಿ ತೌಡು, ಭಟ್ಟಿಯಲ್ಲಿ ಹೊಟ್ಟಿನ ಬೂದಿ. ಮುಚ್ಚುವ ಮೊದಲು ಎರಡೂ ಮುಖಗಳನ್ನು ಒಣ ಹತ್ತಿ ಬಟ್ಟೆಯಿಂದ ಒರೆಸಿ, ‘ಕ್ಲಿಕ್’ ಎಂದು ಕೂತ ಮೇಲೆ ಟೈ ಹಾಕಿ ಬಿಗಿಯಿರಿ. ಗ್ರೀಸ್, ಅಂಟು ಯಾವುದೂ ಬೇಡ. ಫೆರೈಟ್ ಪಿಂಗಾಣಿಯ ಹಾಗೆ ಬಿರುಕು ಬಿಡುತ್ತದೆ. ಸಿಮೆಂಟ್ ನೆಲಕ್ಕೆ ಒಮ್ಮೆ ಬಿದ್ದದ್ದನ್ನು ಯೂನಿಟ್ ಲೆಕ್ಕಕ್ಕೆ ಬಳಸಬೇಡಿ.

ಬೋರ್‌ವೆಲ್ ಕೇಬಲ್ಲಿಗೆ ಹಾಕಿದೆ, ಮೋಟಾರು ಓಡುತ್ತಿದೆ, ಆದರೂ ಸೊನ್ನೆ ತೋರಿಸುತ್ತದೆ. ಯಾಕೆ?

ಸಬ್‌ಮರ್ಸಿಬಲ್‌ನ ಚಪ್ಪಟೆ ಕೇಬಲ್‌ನಲ್ಲಿ ಮೂರೂ ಫೇಸ್ ಒಟ್ಟಿಗಿವೆ. ಮೂರರ ಕರೆಂಟ್ ಕೂಡಿದರೆ ಸೊನ್ನೆ, ಸಿಟಿ ಅದನ್ನೇ ತೋರಿಸುತ್ತಿದೆ. ಮನೆಯ ಫೇಸ್, ನ್ಯೂಟ್ರಲ್ ಎರಡನ್ನೂ ಒಳಗೆ ತೂರಿಸಿದರೂ ಇದೇ ಕಥೆ. ಸ್ಟಾರ್ಟರ್ ಡಬ್ಬಿಯೊಳಗೆ ಮೂರು ಕೋರ್ ಬೇರೆಬೇರೆಯಾಗಿ ಟರ್ಮಿನಲ್‌ಗೆ ಹೋಗುವಲ್ಲಿ ಒಂದೇ ಒಂದಕ್ಕೆ ಹಾಕಿ.

ಈ ಸೊನ್ನೆಗೂ ಒಂದು ಉಪಯೋಗವಿದೆ. ಎಲ್ಲ ವೈರನ್ನೂ ಒಳಗೆ ಬಿಟ್ಟ ಮೇಲೂ ಏನಾದರೂ ಆಂಪ್ಸ್ ತೋರಿಸಿದರೆ ಅಷ್ಟು ಕರೆಂಟ್ ಭೂಮಿಗೆ ಸೋರುತ್ತಿದೆ ಎಂದರ್ಥ. ಸೋರಿಕೆ ಹಿಡಿಯುವ ಸಿಬಿಸಿಟಿ, ಮನೆಯ 30 ಮಿಲಿಆಂಪ್ ಆರ್‌ಸಿಸಿಬಿ ಎಲ್ಲ ಇದೇ ತತ್ವದವು. ಆದರೆ ಮಾಮೂಲಿ ಸ್ಪ್ಲಿಟ್ ಕೋರಿಗೆ ಮಿಲಿಆಂಪ್ ಹಿಡಿಯುವ ಸೂಕ್ಷ್ಮತೆ ಇಲ್ಲ. ಅದಕ್ಕೆ ಬೇರೆ ಸಿಟಿಯೇ ಬೇಕು.

ಎಸ್‌ಸಿಟಿ-013-000 ಮತ್ತು ಎಸ್‌ಸಿಟಿ-013-030 ಸ್ಪ್ಲಿಟ್ ಕೋರ್ ಸಿಟಿಗಳು: ಹೊರಗಿಂದ ಎರಡೂ ಒಂದೇ. ವ್ಯತ್ಯಾಸವೇನು?

000 ಕರೆಂಟ್ ಕೊಡುತ್ತದೆ: 100 ಆಂಪಿಯರ್‌ಗೆ 50 ಮಿಲಿಆಂಪ್, ಅಂದರೆ 2000ಕ್ಕೆ 1. ಆ ಕರೆಂಟನ್ನು ವೋಲ್ಟೇಜ್ ಆಗಿಸುವ ಬರ್ಡನ್ ರೆಸಿಸ್ಟರ್ ನೀವೇ ಹಾಕಬೇಕು. 030 ವೋಲ್ಟೇಜ್ ಕೊಡುತ್ತದೆ: 30 ಆಂಪಿಯರ್‌ಗೆ 1 ವೋಲ್ಟ್, ರೆಸಿಸ್ಟರ್ ಒಳಗೇ ಇದೆ. ಅದಕ್ಕೆ ಮೇಲೊಂದು ರೆಸಿಸ್ಟರ್ ಹಾಕಿದರೆ ರೀಡಿಂಗ್ ಕುಸಿಯುತ್ತದೆ. ಎರಡರ ತೂತೂ 13 ಮಿಲಿಮೀಟರ್. ಮನೆ ಮತ್ತು 15 ಎಚ್‌ಪಿವರೆಗಿನ ಮೋಟಾರಿಗೆ 030 ಸಾಕು, ಲೆಕ್ಕವೂ ಸುಲಭ.

000ಕ್ಕೆ ಬರ್ಡನ್ ಎಷ್ಟು ಓಮ್? ಇಎಸ್‌ಪಿ32 ಎಂಬ ವೈಫೈ ಕಂಟ್ರೋಲರ್ ಬೋರ್ಡಿಗೆ 33 ಓಮ್ ಹಾಕಿದರೆ ಮೇಲಿನ ಆಂಪ್ಸ್ ತಪ್ಪು ಬರುತ್ತದೆ.

33 ಓಮ್ ಎಂಬುದು 5 ವೋಲ್ಟ್ ಆರ್ಡುಯಿನೊ ಲೆಕ್ಕ. 100 ಆಂಪಿಯರ್ ಆರ್‌ಎಂಎಸ್ (ಮೀಟರ್ ತೋರಿಸುವ ಮೌಲ್ಯ) ಎಂದರೆ ಪೀಕ್ (ಅಲೆಯ ತುದಿ) 141.4. ಅದನ್ನು 2000ದಿಂದ ಭಾಗಿಸಿದರೆ 70.7 ಮಿಲಿಆಂಪ್. ಸಿಗ್ನಲ್ ಮೇಲೆ ಕೆಳಗೆ ತೂಗುವ ಮಧ್ಯಬಿಂದು 2.5 ವೋಲ್ಟ್, ಹಾಗಾಗಿ 2.5 ಭಾಗಿಸು 0.0707, ಅಂದರೆ 35 ಓಮ್. ಅದಕ್ಕಿಂತ ಕೆಳಗೆ ಅಂಗಡಿಯಲ್ಲಿ ಸಿಗುವುದು 33.

3.3 ವೋಲ್ಟ್‌ಗೆ ಇದೇ ಲೆಕ್ಕ ಹಾಕಿ 22 ಓಮ್ ಎನ್ನುವವರಿದ್ದಾರೆ. ಇಎಸ್‌ಪಿ32ಕ್ಕೆ ಅದೂ ಸರಿಯಲ್ಲ. ಅದರ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) 11 ಡಿಬಿ ಸೆಟ್ಟಿಂಗಿನಲ್ಲಿ ನೆಟ್ಟಗೆ ಓದುವುದು ಸುಮಾರು 0.15ರಿಂದ 2.45 ವೋಲ್ಟ್‌ವರೆಗೆ ಮಾತ್ರ, ಮೇಲೆ ಹೋದಂತೆ ಬಾಗುತ್ತದೆ. ಆದ್ದರಿಂದ ಮಧ್ಯಬಿಂದುವನ್ನೇ ಕೆಳಗಿಳಿಸಿ: 3.3 ವೋಲ್ಟ್ ಕಡೆಗೆ 15 ಕಿಲೋಓಮ್, ಗ್ರೌಂಡ್ ಕಡೆಗೆ 10 ಕಿಲೋಓಮ್ ಹಾಕಿದರೆ 1.32 ವೋಲ್ಟ್ ಸಿಗುತ್ತದೆ. ಅಲ್ಲಿಗೊಂದು 10 ಮೈಕ್ರೋಫ್ಯಾರಡ್ ಕೆಪಾಸಿಟರ್. ಬರ್ಡನ್ 15 ಓಮ್. ಎಡಿಸಿ ಪಿನ್ನಿಗೆ ಸರಣಿಯಲ್ಲಿ 1 ಕಿಲೋಓಮ್ ಇರಲಿ, ಮೋಟಾರು ಶುರುವಾಗುವಾಗ ಸಿಗ್ನಲ್ ಸೊನ್ನೆಯ ಕೆಳಗೆ ಹೋದರೆ ಪಿನ್ ಉಳಿಯುತ್ತದೆ. ವೈಫೈ ಬಳಸುವುದಾದರೆ ಎಡಿಸಿ1ರ ಪಿನ್‌ಗಳನ್ನೇ ತೆಗೆದುಕೊಳ್ಳಿ, ಎಡಿಸಿ2 ಮತ್ತು ವೈಫೈ ಜಗಳ ಆಡುತ್ತವೆ.

ಪ್ರೋಗ್ರಾಂನಲ್ಲಿ 20 ಮಿಲಿಸೆಕೆಂಡಿನ ಪೂರ್ಣ ಗುಣಕದಷ್ಟು ಹೊತ್ತು ಸ್ಯಾಂಪಲ್ ತೆಗೆಯಿರಿ: 200 ಮಿಲಿಸೆಕೆಂಡ್ ಎಂದರೆ ಹತ್ತು ಸೈಕಲ್. ಅರ್ಧಂಬರ್ಧ ಸೈಕಲ್ ಹಿಡಿದರೆ ರೀಡಿಂಗ್ ಕುಣಿಯುತ್ತದೆ. ಸರಾಸರಿ ತೆಗೆದು 1.11ರಿಂದ ಗುಣಿಸುವ ಹಳೆಯ ಉಪಾಯ ಸೈನ್ ಅಲೆಗೆ ಮಾತ್ರ ಸರಿ. ಎಲ್‌ಇಡಿ, ಇನ್ವರ್ಟರ್, ವೆಲ್ಡಿಂಗ್ ಮಷೀನುಗಳಿಗೆ ವರ್ಗ, ಸರಾಸರಿ, ವರ್ಗಮೂಲದ ನಿಜವಾದ ಆರ್‌ಎಂಎಸ್ಸೇ ಬೇಕು.

ಸಿಟಿಯ ಸೆಕೆಂಡರಿ (ಔಟ್‌ಪುಟ್ ಕಡೆಯ ಸುರುಳಿ) ತೆರೆದಿಡಬಾರದು ಎನ್ನುತ್ತಾರೆ. ನಿಜವಾಗಿ ಏನಾಗುತ್ತದೆ?

ಲೈನಿನಲ್ಲಿ ಹರಿಯುವ ಆಂಪ್ಸ್ ಅನ್ನು ತೀರ್ಮಾನಿಸುವುದು ಮೋಟಾರು, ಸಿಟಿಯಲ್ಲ. ಸೆಕೆಂಡರಿ ಕೂಡಿಕೊಂಡಿದ್ದಾಗ ಅದರ ಕರೆಂಟ್ ಕೋರಿನ ಕಾಂತತ್ವವನ್ನು ಎದುರಿಸಿ ತಗ್ಗಿಸುತ್ತಿರುತ್ತದೆ. ತೆರೆದ ಕೂಡಲೇ ಲೈನಿನ ಪೂರ್ತಿ ಆಂಪ್ಸ್ ಕೋರನ್ನು ಮ್ಯಾಗ್ನೆಟೈಸ್ ಮಾಡಲು ನಿಲ್ಲುತ್ತದೆ, ಪ್ರತಿ ಅರ್ಧ ಸೈಕಲ್‌ಗೊಮ್ಮೆ ಫ್ಲಕ್ಸ್ ಧಿಡೀರನೆ ತಿರುಗುತ್ತದೆ, ಆಗ ಟರ್ಮಿನಲ್‌ನಲ್ಲಿ ಚೂಪಾದ ವೋಲ್ಟೇಜ್ ಏಳುತ್ತದೆ. ಪ್ಯಾನೆಲ್‌ನ ದೊಡ್ಡ /5 ಸಿಟಿಗಳಲ್ಲಿ ಅದು ಸಾವಿರ ವೋಲ್ಟ್ ದಾಟಬಲ್ಲದು. ಕೈ ತಗುಲಿದರೆ ಪ್ರಾಣಕ್ಕೆ ಅಪಾಯ, ತಗುಲದಿದ್ದರೂ ಸಿಟಿಯ ಇನ್ಸುಲೇಶನ್ ಸುಡುತ್ತದೆ. ಆಂಪ್ಸ್ ಮೀಟರ್ ಬಿಚ್ಚುವ ಮೊದಲು ಸೆಕೆಂಡರಿಯ ಎಸ್1, ಎಸ್2 ಟರ್ಮಿನಲ್ ಎರಡನ್ನೂ ಶಾರ್ಟ್ ಮಾಡಿ. ಸಾಧ್ಯವಾದರೆ ಲೋಡನ್ನೇ ನಿಲ್ಲಿಸಿ. ಸಿಟಿಯ ಸೆಕೆಂಡರಿ ವೈರಿಗೆ ಫ್ಯೂಸ್ ಯಾವತ್ತೂ ಹಾಕಬಾರದು. ಎಸ್‌ಸಿಟಿ-013-000ದ ಒಳಗೆ ವೋಲ್ಟೇಜ್ ತಡೆಯುವ ಡಯೋಡ್ ಇರುತ್ತದೆ, ಆದರೆ ಅದೇ ಹೆಸರಿನ ನಕಲಿ ಮಾಲಿನಲ್ಲಿ ಇದೆಯೆಂದು ನಂಬಿ ಕೂರಬೇಡಿ.

ಮಿಲ್ಲಿನ ಪ್ಯಾನೆಲ್‌ನಿಂದ ಆಫೀಸಿಗೆ 30 ಮೀಟರ್. ಸೆಕೆಂಡರಿಯಲ್ಲಿ 5 ಆಂಪ್ಸ್ ಕೊಡುವ ಸಿಟಿಯೋ, 1 ಆಂಪ್ಸ್ ಕೊಡುವುದೋ?

1 ಆಂಪ್ಸ್. 2.5 ಚದರ ಮಿಲಿಮೀಟರ್ ತಾಮ್ರದ ವೈರಿಗೆ ಕಿಲೋಮೀಟರಿಗೆ ಸುಮಾರು 7.4 ಓಮ್. ಹೋಗಿ ಬರುವ 60 ಮೀಟರಿಗೆ 0.44 ಓಮ್. 5 ಆಂಪ್ಸ್ ಹರಿದರೆ ವೈರಿಗೇ 11 ವಿಎ (ವೋಲ್ಟ್-ಆಂಪಿಯರ್) ಬೇಕು, 5 ವಿಎ ಸಿಟಿ ಅಲ್ಲೇ ಸೋತಿತು. 1 ಆಂಪ್ಸ್ ಆದರೆ 0.44 ವಿಎ ಸಾಕು. ಮೀಟರ್‌ನಲ್ಲಿ ರೇಷಿಯೊ ಬದಲಿಸಲು ಮರೆಯಬೇಡಿ. ಪಿಎಲ್‌ಸಿಗೆ (ಮಷೀನು ನಡೆಸುವ ಕಂಟ್ರೋಲರ್) ಕೊಡುವುದಾದರೆ 4-20 ಮಿಲಿಆಂಪ್ ಔಟ್‌ಪುಟ್ ಇರುವ ಸಿಟಿ ಟ್ರಾನ್ಸ್‌ಮಿಟರ್ ಇನ್ನೂ ನಿಶ್ಚಿಂತೆ.

ಡ್ರೈ ರನ್ ಹಿಡಿಯಲು ಒಂದೇ ಸಿಟಿ ಸಾಕಾಗುತ್ತದೆಯೆ? ಹಗಲು ಸರಿಯಾಗಿ ಟ್ರಿಪ್ ಆಗುತ್ತದೆ, ರಾತ್ರಿ ಆಗುವುದಿಲ್ಲ.

ಬೋರಿನಲ್ಲಿ ನೀರು ಕೆಳಗಿಳಿದಾಗ ಮೊದಲು ಪೈಪು ಕೆಮ್ಮುತ್ತದೆ, ಆಂಪ್ಸ್ ಮೀಟರ್‌ನ ಮುಳ್ಳು ಅತ್ತಿತ್ತ ತೂಗುತ್ತದೆ, ಆಮೇಲೆ ಕೆಳಗೆ ಬಂದು ನಿಲ್ಲುತ್ತದೆ. ಆದರೆ ಸೊನ್ನೆಗಲ್ಲ. ಇಂಡಕ್ಷನ್ ಮೋಟಾರಿಗೆ ಖಾಲಿ ಓಡುವಾಗಲೂ ಮ್ಯಾಗ್ನೆಟೈಸಿಂಗ್ ಕರೆಂಟ್ ಬೇಕು, ಅದು ಫುಲ್ ಲೋಡ್‌ನ ಅರ್ಧದ ಆಸುಪಾಸು ಇರಬಹುದು.

ರಾತ್ರಿ ತಪ್ಪಲು ಕಾರಣ ವೋಲ್ಟೇಜ್. ಲೋಡ್ ಕಡಿಮೆಯಾಗಿ ಲೈನ್ 440 ವೋಲ್ಟಿಗೆ ಏರಿದರೆ ಖಾಲಿ ಮೋಟಾರಿನ ಆಂಪ್ಸ್ ಹೆಚ್ಚುತ್ತದೆ, ನೀರೆತ್ತುವ ಮೋಟಾರಿನದು ಸ್ವಲ್ಪ ಇಳಿಯುತ್ತದೆ. ಎರಡರ ನಡುವಿನ ಅಂತರ ಕಿರಿದಾಗಿ ನೀವು ಇಟ್ಟ ಗಡಿ ದಾಟುವುದೇ ಇಲ್ಲ. ಇದಕ್ಕೆ ಮದ್ದು, ವೋಲ್ಟೇಜನ್ನೂ ಅಳೆದು ವ್ಯಾಟ್ ನೋಡುವುದು. ಖಾಲಿ ಓಡುವಾಗ ಪವರ್ ಫ್ಯಾಕ್ಟರ್ (ಹರಿಯುವ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಕುಸಿಯುವುದರಿಂದ ವ್ಯಾಟ್‌ನ ಇಳಿತ ಆಂಪ್ಸ್‌ನ ಇಳಿತಕ್ಕಿಂತ ಸ್ಪಷ್ಟ. ಆಂಪ್ಸ್ ಮಾತ್ರ ನೋಡುವುದಾದರೆ, ನೀರು ತುಂಬಿ ಬರುವಾಗ ಹಗಲು, ರಾತ್ರಿ ಎರಡು ಹೊತ್ತಿನ ಆಂಪ್ಸ್ ಬರೆದಿಟ್ಟು, ಕಡಿಮೆ ಇರುವುದರ ಸ್ವಲ್ಪವೇ ಕೆಳಗೆ ಗಡಿ ಇಡಿ. ಟ್ರಿಪ್ ಆಗುವ ಮೊದಲು 5ರಿಂದ 10 ಸೆಕೆಂಡ್ ಕಾಯಲಿ, ಇಲ್ಲದಿದ್ದರೆ ಪೈಪು ಕೆಮ್ಮಿದಾಗಲೆಲ್ಲ ಮೋಟಾರು ನಿಲ್ಲುತ್ತದೆ.

ಒಂದೇ ಸಿಟಿ ಡ್ರೈ ರನ್‌ಗೆ ಸಾಕು, ಸಿಂಗಲ್ ಫೇಸಿಂಗ್‌ಗೆ ಸಾಲದು. ಒಂದು ಫೇಸ್ ಹೋದರೆ ಉಳಿದೆರಡರಲ್ಲಿ ಆಂಪ್ಸ್ ಸುಮಾರು 1.7 ಪಟ್ಟು ಏರಿ ಮೋಟಾರು ಸುಡುತ್ತದೆ. ಕನಿಷ್ಠ ಎರಡು ಫೇಸ್‌ಗೆ ಸಿಟಿ ಹಾಕಿ. ತ್ರೀ ಫೇಸ್ ಇಲ್ಲದ ಹೊತ್ತಿನಲ್ಲಿ ಕಂಡೆನ್ಸರ್ ಹಾಕಿ ಮೋಟಾರು ಓಡಿಸುವ ರೂಢಿ ಇರುವ ಕಡೆ ಮೂರೂ ಬೇಕು. ಅಲ್ಲಿ ಮೂರು ವೈರಿನ ಆಂಪ್ಸ್ ಮೂರು ಥರ ಇರುತ್ತದೆ, ಒಂದನ್ನು ನೋಡಿ ಇನ್ನೊಂದನ್ನು ಊಹಿಸಲು ಬರುವುದಿಲ್ಲ.

ಸ್ಟಾರ್-ಡೆಲ್ಟಾ ಸ್ಟಾರ್ಟರ್‌ನಲ್ಲಿ ಸಿಟಿ ಎಲ್ಲಿ ಹಾಕಬೇಕು?

ಮೇನ್ ಕಾಂಟ್ಯಾಕ್ಟರ್‌ಗೆ ಬರುವ ಲೈನಿಗೆ. ಮೋಟಾರಿಗೆ ಹೋಗುವ ಆರು ವೈರುಗಳಲ್ಲಿ ಒಂದಕ್ಕೆ ಹಾಕಿದರೆ ಡೆಲ್ಟಾದಲ್ಲಿ ಲೈನಿನ ಶೇ. 58 ಮಾತ್ರ ಕಾಣುತ್ತದೆ. ಮೋಟಾರು ಲೋಡೇ ತಗೊಳ್ತಿಲ್ಲ ಎನ್ನುವ ದೂರುಗಳಲ್ಲಿ ಮೊದಲು ನೋಡಬೇಕಾದದ್ದು ಇದು.

ವಿಎಫ್‌ಡಿ ಅಥವಾ ಸೋಲಾರ್ ಪಂಪ್ ಡ್ರೈವ್ ಇದ್ದರೆ?

ಡ್ರೈವ್‌ಗೆ ಬರುವ ಎಸಿ ಲೈನಿಗೆ ಸಿಟಿ ಹಾಕಬಹುದು, ನಿಜವಾದ ಆರ್‌ಎಂಎಸ್ ಲೆಕ್ಕ ಇರಲಿ. ಸೋಲಾರ್ ಪ್ಯಾನೆಲ್‌ನಿಂದ ಬರುವ ಡಿಸಿಗೆ ಹಾಲ್ ಸೆನ್ಸರೇ ಬೇಕು. ಡ್ರೈವ್‌ನ ಹೊರಗೆ ಮೋಟಾರಿನ ಕಡೆ ಫ್ರೀಕ್ವೆನ್ಸಿ ಏರಿಳಿಯುತ್ತದೆ. 10 ಹರ್ಟ್ಸ್‌ನಂಥ ಕೆಳಮಟ್ಟದಲ್ಲಿ 50 ಹರ್ಟ್ಸ್ ಸಿಟಿ ಬೇಗ ಸ್ಯಾಚುರೇಟ್ ಆಗುತ್ತದೆ, ಮೇಲಿಂದ ಸ್ವಿಚಿಂಗ್ ಗದ್ದಲ ಬೇರೆ. ಡ್ರೈವ್‌ನ ಡಿಸ್‌ಪ್ಲೇಯಲ್ಲೇ ಔಟ್‌ಪುಟ್ ಆಂಪ್ಸ್ ಸಿಗುತ್ತದೆ, ಮಾಡ್‌ಬಸ್ ಇದ್ದರೆ ಅದರಿಂದಲೇ ಓದಿಕೊಳ್ಳಿ.

ಪಿಜೆಡ್‌ಇಎಂ-004ಟಿ ಮಾಡ್ಯೂಲ್ ಬಳಸಬಹುದೆ?

ಮನೆಗೆ, ಸಿಂಗಲ್ ಫೇಸ್ ಮೋಟಾರಿಗೆ ಧಾರಾಳವಾಗಿ. ವೋಲ್ಟ್, ಆಂಪ್ಸ್, ವ್ಯಾಟ್, ಯೂನಿಟ್, ಪವರ್ ಫ್ಯಾಕ್ಟರ್ ಎಲ್ಲ ತಾನೇ ಲೆಕ್ಕ ಹಾಕಿ ಸೀರಿಯಲ್ ಲೈನಿನಲ್ಲಿ ಕಳಿಸುತ್ತದೆ. ಆದರೆ ಅದರ ಮಿತಿ 260 ವೋಲ್ಟ್. ಪಂಪ್‌ಸೆಟ್‌ನ ಡಬ್ಬಿಯಲ್ಲಿ ಬಹಳ ಕಡೆ ನ್ಯೂಟ್ರಲ್ ಇರುವುದಿಲ್ಲ. ಎರಡು ಫೇಸ್ ನಡುವೆ ಕೊಟ್ಟರೆ 415 ವೋಲ್ಟ್ ಬಿದ್ದು ಬೋರ್ಡು ಹೊಗೆಯಾಡುತ್ತದೆ. ನ್ಯೂಟ್ರಲ್ ಬದಲು ಅರ್ಥ್ ಪೈಪಿಗೆ ಕಟ್ಟುವ ಉಪಾಯವಂತೂ ಬೇಡವೇ ಬೇಡ. ಅರ್ಥ್ ಸಡಿಲವಾದ ದಿನ ಸ್ಟಾರ್ಟರ್ ಡಬ್ಬಿಯೇ ಲೈವ್ ಆಗಬಹುದು. ನ್ಯೂಟ್ರಲ್ ಇದ್ದಲ್ಲಿ ಮೂರು ಮಾಡ್ಯೂಲ್ ಹಾಕುವುದಾದರೆ, ಮೂರಕ್ಕೂ ಬೇರೆಬೇರೆ ವಿಳಾಸ ಮೊದಲೇ ಕೊಟ್ಟಿರಿ.

ಸಿಟಿಯನ್ನು ತಿರುಗುಮುರುಗಾಗಿ ಹಾಕಿದರೆ ತೊಂದರೆಯೆ?

ಆಂಪ್ಸ್‌ಗೆ ತೊಂದರೆಯಿಲ್ಲ. ವ್ಯಾಟ್‌ಗೆ ಇದೆ, ಮೈನಸ್ ಬರುತ್ತದೆ. ತ್ರೀ ಫೇಸ್‌ನಲ್ಲಿ ಒಂದು ತಿರುಗಿದ್ದರೆ ಒಟ್ಟು ಯೂನಿಟ್ ಮೂರನೇ ಒಂದಕ್ಕೆ ಇಳಿಯುತ್ತದೆ. ಸಿಟಿಯ ಮೇಲೆ ಪಿ1 ಎಂದು ಬರೆದ ಮುಖ ಸಪ್ಲೈ ಕಡೆಗಿರಲಿ. ಆರ್ ಫೇಸಿನ ಸಿಟಿ, ಆರ್ ಫೇಸಿನ ವೋಲ್ಟೇಜಿಗೇ ಜೋಡಿಯಾಗಿದೆಯೆ ಎಂದೂ ನೋಡಿ. ಫೇಸ್ ಎರರ್ ಕಾಡುವುದು ಪವರ್ ಫ್ಯಾಕ್ಟರ್ ಕಡಿಮೆ ಇದ್ದಾಗ: ಒಂದು ಡಿಗ್ರಿ ತಪ್ಪಿಗೆ 0.8ರಲ್ಲಿ ವ್ಯಾಟ್ ಶೇ. 1.3 ತಪ್ಪಿದರೆ, 0.5ರಲ್ಲಿ ಶೇ. 3 ತಪ್ಪುತ್ತದೆ.

ಮೋಟಾರು ನಿಂತಿದ್ದರೂ 0.2, 0.3 ಆಂಪ್ಸ್ ತೋರಿಸುತ್ತದೆ.

ಅದು ಎಡಿಸಿ ಗದ್ದಲ. ವರ್ಗ ಮಾಡಿದಾಗ ಮೈನಸ್ಸೂ ಪ್ಲಸ್ ಆಗುವುದರಿಂದ ಸೊನ್ನೆ ಬರುವುದೇ ಇಲ್ಲ. ಸಿಟಿಯ ವೈರನ್ನು ಜಡೆ ಹೆಣೆದಂತೆ ತಿರುಚಿ, ಕಾಂಟ್ಯಾಕ್ಟರ್ ಕಾಯಿಲ್‌ನಿಂದ ದೂರ ಒಯ್ಯಿರಿ, ಮಧ್ಯಬಿಂದುವಿನ ಕೆಪಾಸಿಟರ್ ನೋಡಿ. ಉಳಿದದ್ದನ್ನು ಪ್ರೋಗ್ರಾಂನಲ್ಲೇ ಕತ್ತರಿಸಿ.

ಮನೆಯಲ್ಲೇ ಕ್ಯಾಲಿಬ್ರೇಟ್ ಮಾಡುವುದು ಹೇಗೆ?

1000 ವ್ಯಾಟ್‌ನ ನೀರು ಕಾಯಿಸುವ ಕಾಯಿಲ್ ಒಳ್ಳೆಯ ಲೋಡು, ಪವರ್ ಫ್ಯಾಕ್ಟರ್ ಒಂದು. 230 ವೋಲ್ಟ್‌ಗೆ 4.35 ಆಂಪಿಯರ್, ಲೈನ್ 210ಕ್ಕೆ ಇಳಿದಿದ್ದರೆ 3.97. ಆದ್ದರಿಂದ ಡಬ್ಬಿಯ ಮೇಲೆ ಬರೆದದ್ದನ್ನು ನಂಬದೆ ಒಳ್ಳೆಯ ಕ್ಲ್ಯಾಂಪ್ ಮೀಟರನ್ನು ಅದೇ ವೈರಿಗೆ ಹಾಕಿ ಹೋಲಿಸಿ. ಫೇಸ್ ವೈರನ್ನು ಮಾತ್ರ ಬೇರ್ಪಡಿಸಿದ ಎಕ್ಸ್‌ಟೆನ್ಷನ್ ತುಂಡೊಂದನ್ನು ಮಾಡಿಸಿಟ್ಟುಕೊಂಡರೆ, ಐದು ಸುತ್ತು ಸುತ್ತಿ 20 ಆಂಪ್ಸ್ ಮೇಲೆಯೂ ಪರೀಕ್ಷಿಸಬಹುದು. ಕ್ಲ್ಯಾಂಪ್ ಮೀಟರಿನಲ್ಲೇ ಶೇ. 2ರಷ್ಟು ತಪ್ಪು ಇರಬಹುದೆಂಬುದು ನೆನಪಿರಲಿ.

ಬೆಸ್ಕಾಂ ಮೀಟರಿನ ಬಳಿಯೇ ಸಿಟಿ ಹಾಕಬಹುದೆ?

ಮೀಟರಿನ ಸೀಲ್, ಸಿಟಿ ಚೇಂಬರ್, ಕಂಬದಿಂದ ಮೀಟರಿಗೆ ಬರುವ ಸರ್ವಿಸ್ ವೈರು ಯಾವುದನ್ನೂ ಮುಟ್ಟಬೇಡಿ. ವಿದ್ಯುತ್ ಕಾಯ್ದೆ 2003ರ 138ನೇ ಸೆಕ್ಷನ್ ಪ್ರಕಾರ ಮೀಟರಿನಲ್ಲಿ ಕೈಯಾಡಿಸುವುದು ಅಪರಾಧ. ಮೀಟರ್ ದಾಟಿ ನಿಮ್ಮ ಮೇನ್ ಸ್ವಿಚ್ಚಿನ ನಂತರದ ವೈರಿಗೆ, ಸ್ವಿಚ್ ಆರಿಸಿ, ಟೆಸ್ಟರ್‌ನಿಂದ ಪರೀಕ್ಷಿಸಿ, ಲೈಸೆನ್ಸ್ ಇರುವ ಎಲೆಕ್ಟ್ರಿಶಿಯನ್ ಕೈಯಲ್ಲಿ ಹಾಕಿಸಿ. ಇನ್ಸುಲೇಶನ್ ಇರುವ ವೈರಿಗೆ ಮಾತ್ರ. ಬರೀ ಬಸ್‌ಬಾರ್‌ಗೆ ಈ ಅಗ್ಗದ ಕ್ಲ್ಯಾಂಪ್ ಸಿಟಿಗಳನ್ನು ಹಾಕುವ ಹಾಗಿಲ್ಲ.